ನೇರ ಪ್ರಸಾರದ ಕ್ಲೌಡ್ ಟ್ರಾನ್ಸ್‌ಕೋಡಿಂಗ್: ಬಿಲ್ಲು ಬರುವ ಮೊದಲೇ ಲೆಕ್ಕ ಹಾಕುವ ಕ್ರಮ

ನೇರ ಪ್ರಸಾರದ ವಿಡಿಯೊವನ್ನು ಕ್ಲೌಡ್‌ನಲ್ಲಿ ಟ್ರಾನ್ಸ್‌ಕೋಡ್ ಮಾಡಿಸುವವರು, ಅಂದರೆ ಬೇರೆಬೇರೆ ಗಾತ್ರ, ಗುಣಮಟ್ಟಗಳಿಗೆ ಪರಿವರ್ತಿಸಿಕೊಳ್ಳುವವರು, ಮೊದಲ ಬಿಲ್ಲು ಕಂಡಾಗ ತಬ್ಬಿಬ್ಬಾಗುವುದು ಮೊತ್ತ ದೊಡ್ಡದೆಂಬ ಕಾರಣಕ್ಕಿಂತ ಹೆಚ್ಚಾಗಿ, ಯಾವ ಸಾಲು ಯಾವ ಕೆಲಸಕ್ಕೆ ಬಂದದ್ದೆಂದು ತಿಳಿಯದೆ. ಒಂದೇ ಕಾರ್ಯಕ್ರಮಕ್ಕೆ ಗಂಟೆಯ ಲೆಕ್ಕದಲ್ಲಿ ಒಂದು ಶುಲ್ಕ, ಗಿಗಾಬೈಟಿನ ಲೆಕ್ಕದಲ್ಲಿ ಇನ್ನೊಂದು, ಕೆಲವು ಕಡೆ ನಿಮಿಷದ ಲೆಕ್ಕದಲ್ಲಿ ಮತ್ತೊಂದು, ಹೀಗೆ ಹಲವು ಮೀಟರುಗಳು ಒಟ್ಟಿಗೇ ಓಡುತ್ತಿರುತ್ತವೆ. ಅವುಗಳಲ್ಲಿ ಟ್ರಾನ್ಸ್‌ಕೋಡಿಂಗ್‌ನ ಮೀಟರು ಗಡಿಯಾರಕ್ಕೆ ಕಟ್ಟಿದ್ದು; ವಿತರಣೆಯ ಮೀಟರು ಪ್ರೇಕ್ಷಕರಿಗೆ ಕಟ್ಟಿದ್ದು. ಈ ಎರಡನ್ನೂ ಬೇರೆಬೇರೆಯಾಗಿ ಎಣಿಸಿ, ಪ್ರಮಾಣಗಳೆಲ್ಲ ಕಾಗದದ ಮೇಲೆ ಬಂದ ನಂತರ ದರಪಟ್ಟಿಯನ್ನು ತೆರೆದರೆ ಬಿಲ್ಲಿನಲ್ಲಿ ಅನಿರೀಕ್ಷಿತವಾದದ್ದು ಬಹಳ ಕಡಿಮೆ ಉಳಿಯುತ್ತದೆ.

ವಿವರಣೆಗೆ ಒಂದು ಕಲ್ಪಿತ ಉದಾಹರಣೆಯನ್ನು ಇಟ್ಟುಕೊಳ್ಳೋಣ. ಕರಾವಳಿಯ ಒಂದು ಯಕ್ಷಗಾನ ಮೇಳವು ಐದು ಗಂಟೆಯ ಕಾಲಮಿತಿ ಪ್ರಸಂಗವೊಂದನ್ನು ಟಿಕೆಟ್ ಇಟ್ಟು ಆನ್‌ಲೈನ್‌ನಲ್ಲಿ ನೇರವಾಗಿ ತೋರಿಸಲು ಹೊರಟಿದೆ. ಬೆಂಗಳೂರು, ಮುಂಬೈ ಮತ್ತು ಕೊಲ್ಲಿ ದೇಶಗಳಲ್ಲಿ ಅದಕ್ಕೆ ಪ್ರೇಕ್ಷಕರಿದ್ದಾರೆ. ಟಿಕೆಟ್ ಇಲ್ಲದ ಸಾರ್ವಜನಿಕ ಪ್ರಸಾರವಾದರೆ ಯೂಟ್ಯೂಬ್ ತಾನೇ ಟ್ರಾನ್ಸ್‌ಕೋಡಿಂಗ್ ಮಾಡಿ, ಅದಕ್ಕೆ ಪ್ರತ್ಯೇಕ ಶುಲ್ಕ ಕೇಳದೆ ಹಂಚುತ್ತದೆ. ಅಂಥವರಿಗೆ ಈ ಬರಹದ ಅಗತ್ಯವೇ ಇಲ್ಲ. ತಮ್ಮದೇ ಆ್ಯಪ್ ಅಥವಾ ಜಾಲತಾಣದಲ್ಲಿ, ತಮ್ಮದೇ ನಿಯಂತ್ರಣದಲ್ಲಿ ಪ್ರಸಾರ ಮಾಡಬೇಕಾದವರಿಗೆ ಮಾತ್ರ ಮುಂದಿನ ಹಂತಗಳು.

ಹಂತ 1: ಸಿಗ್ನಲ್ ಸಾಗುವ ದಾರಿಯಲ್ಲಿ ಮೀಟರುಗಳನ್ನು ಗುರುತಿಸುವುದು

ಅಮೆಜಾನ್ ವೆಬ್ ಸರ್ವಿಸಸ್‌ನ ವ್ಯವಸ್ಥೆಯನ್ನೇ ಮಾದರಿಯಾಗಿ ತೆಗೆದುಕೊಂಡರೆ ಚಿತ್ರ ಸ್ಪಷ್ಟವಾಗುತ್ತದೆ, ಏಕೆಂದರೆ ಅಲ್ಲಿ ಪ್ರತಿಯೊಂದು ಕೆಲಸಕ್ಕೂ ಬೇರೆ ಸೇವೆ, ಬೇರೆ ದರವಿದೆ. ಸ್ಥಳದಲ್ಲಿರುವ ಎನ್‌ಕೋಡರ್ (ಕ್ಯಾಮೆರಾದ ಚಿತ್ರವನ್ನು ಸಂಕುಚಿತಗೊಳಿಸುವ ಸಾಧನ) ಇಂಟರ್ನೆಟ್ ಮೂಲಕ ಕಳಿಸುವ ಧಾರೆ ಕ್ಲೌಡ್‌ನ ಒಳಗೆ ಬರುವುದಕ್ಕೆ ಡೇಟಾ ಶುಲ್ಕವಿಲ್ಲ. ಅದು ಎಲಿಮೆಂಟಲ್ ಮೀಡಿಯಾಲೈವ್ ಎಂಬ ಟ್ರಾನ್ಸ್‌ಕೋಡಿಂಗ್ ಸೇವೆಯನ್ನು ತಲುಪಿದ ಕೂಡಲೇ ಎರಡು ಮೀಟರುಗಳು ಆರಂಭವಾಗುತ್ತವೆ: ಇನ್‌ಪುಟ್‌ಗೆ ಗಂಟೆಯ ದರ, ಪ್ರತಿ ಔಟ್‌ಪುಟ್‌ಗೂ ಗಂಟೆಯ ದರ. ಅಲ್ಲಿಂದ, ವಿಡಿಯೊವನ್ನು ಪ್ರೇಕ್ಷಕರ ಸಾಧನಗಳಿಗೆ ತಕ್ಕ ರೂಪದಲ್ಲಿ ಕಟ್ಟಿಕೊಡುವ (ಪ್ಯಾಕೇಜಿಂಗ್) ಮೀಡಿಯಾಪ್ಯಾಕೇಜ್ ಸೇವೆಗೆ ಹೋದರೆ ಒಳಬಂದ ಗಿಗಾಬೈಟ್‌ಗಳಿಗೂ ಪ್ಯಾಕೇಜ್ ಆಗಿ ಹೊರಬಿದ್ದ ಗಿಗಾಬೈಟ್‌ಗಳಿಗೂ ಶುಲ್ಕ. ಕೊನೆಯಲ್ಲಿ ವಿತರಣಾ ಜಾಲವಾದ ಕ್ಲೌಡ್‌ಫ್ರಂಟ್ ಪ್ರೇಕ್ಷಕರಿಗೆ ತಲುಪಿಸಿದ ಪ್ರತಿ ಗಿಗಾಬೈಟ್‌ಗೆ, ಪ್ರೇಕ್ಷಕರು ಯಾವ ಭೂಭಾಗದಲ್ಲಿದ್ದಾರೆ ಎಂಬುದರ ಮೇಲೆ ಶುಲ್ಕ. ರೆಕಾರ್ಡಿಂಗ್ ಉಳಿಸಿಕೊಂಡರೆ ಎಸ್3 ಸಂಗ್ರಹದ ಮಾಸಿಕ ಬಾಡಿಗೆ. ಅಮೆಜಾನ್‌ನ ಮೂಲ ಸರ್ವರ್‌ಗಳಿಂದ ಕ್ಲೌಡ್‌ಫ್ರಂಟ್‌ವರೆಗಿನ ಡೇಟಾ ಸಾಗಾಟಕ್ಕೆ ಮಾತ್ರ ಪ್ರತ್ಯೇಕ ಶುಲ್ಕವಿಲ್ಲ. ಆದರೆ ಸಾಗಾಟ ಉಚಿತವೆಂದ ಮಾತ್ರಕ್ಕೆ ಪ್ಯಾಕೇಜಿಂಗ್ ಶುಲ್ಕವೂ ಇಲ್ಲವೆಂದು ಭಾವಿಸಬಾರದು.

ಬೇರೆ ಸೇವೆಗಳು ಈ ದಾರಿಯನ್ನೇ ಬೇರೆ ಬಗೆಯಲ್ಲಿ ಕಟ್ಟುತ್ತವೆ. ಅಮೆಜಾನ್‌ನದೇ ಇನ್ನೊಂದು ಸೇವೆಯಾದ ಐವಿಎಸ್, ಒಳಬರುವ ವಿಡಿಯೊದ ಗಂಟೆಗಳಿಗೂ ಪ್ರೇಕ್ಷಕರು ನೋಡಿದ ಗಂಟೆಗಳಿಗೂ ದರ ಹಾಕಿ, ನಡುವಿನ ಪ್ಯಾಕೇಜಿಂಗನ್ನು ಲೆಕ್ಕದಿಂದಲೇ ಮರೆಮಾಡುತ್ತದೆ. ಕ್ಲೌಡ್‌ಫ್ಲೇರ್ ಸ್ಟ್ರೀಮ್‌ನಲ್ಲಿ ಟ್ರಾನ್ಸ್‌ಕೋಡಿಂಗ್‌ಗೆ ಪ್ರತ್ಯೇಕ ದರವೇ ಇಲ್ಲ. ಸಂಗ್ರಹಿಸಿದ ನಿಮಿಷ ಮತ್ತು ತಲುಪಿಸಿದ ನಿಮಿಷ ಎಂಬ ಎರಡೇ ಮೀಟರುಗಳು. ಲೈವ್‌ಪಿಯರ್ ಎಂಬ ವಿಕೇಂದ್ರೀಕೃತ ಜಾಲವು ಸಂಸ್ಕರಿಸಿದ ಪಿಕ್ಸೆಲ್‌ಗಳನ್ನೇ ಎಣಿಸಿ ಹಣ ಪಡೆಯುತ್ತದೆ. ಮೈಕ್ರೋಸಾಫ್ಟ್‌ನ ಅಜೂರ್ ಮೀಡಿಯಾ ಸರ್ವಿಸಸ್ 2024ರ ಜೂನ್ 30ರಂದು ನಿಂತುಹೋಗಿದೆ, ಆದ್ದರಿಂದ ಅದರ ದರಗಳನ್ನು ಹೋಲಿಕೆಗೆ ಬಳಸುವ ಹಳೆಯ ಬರಹಗಳನ್ನು ಪಕ್ಕಕ್ಕಿಡಬಹುದು.

ಹಂತ 2: ಔಟ್‌ಪುಟ್‌ಗಳ ಏಣಿಯನ್ನು ನಿರ್ಧರಿಸುವುದು

ನೆಟ್‌ವರ್ಕ್ ವೇಗ ಒಬ್ಬೊಬ್ಬರಿಗೆ ಒಂದೊಂದು ರೀತಿ ಇರುವುದರಿಂದ, ಒಂದೇ ವಿಡಿಯೊವನ್ನು ಹಲವು ಗಾತ್ರಗಳಲ್ಲಿ ಏಕಕಾಲಕ್ಕೆ ತಯಾರಿಸಬೇಕಾಗುತ್ತದೆ. ಇದಕ್ಕೆ ಈ ಕ್ಷೇತ್ರದವರು ಬಿಟ್‌ರೇಟ್ ಲ್ಯಾಡರ್ ಎನ್ನುತ್ತಾರೆ. ಬಿಟ್‌ರೇಟ್ ಎಂದರೆ ಸೆಕೆಂಡಿಗೆ ಸಾಗುವ ಡೇಟಾ (ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಮೆಗಾಬಿಟ್), 1080ಪಿ, 720ಪಿ ಎಂಬವು ಚಿತ್ರದ ಎತ್ತರದ ಪಿಕ್ಸೆಲ್ ಸಂಖ್ಯೆ. ನಮ್ಮ ಉದಾಹರಣೆಯಲ್ಲಿ ನಾಲ್ಕು ಮೆಟ್ಟಿಲುಗಳಿರಲಿ: 1080ಪಿ 5 ಎಂಬಿಪಿಎಸ್‌ನಲ್ಲಿ, 720ಪಿ 3 ಎಂಬಿಪಿಎಸ್‌ನಲ್ಲಿ, 480ಪಿ 1.2 ಎಂಬಿಪಿಎಸ್‌ನಲ್ಲಿ, 360ಪಿ 0.6 ಎಂಬಿಪಿಎಸ್‌ನಲ್ಲಿ. ಟ್ರಾನ್ಸ್‌ಕೋಡಿಂಗ್ ವೆಚ್ಚದ ಹೆಚ್ಚಿನ ಪಾಲು ಇಲ್ಲಿಯೇ ತೀರ್ಮಾನವಾಗುವುದರಿಂದ ಈ ಹಂತದಲ್ಲಿ ಆತುರ ಸಲ್ಲದು.

ಮೇಲಿನ ಮೆಟ್ಟಿಲು ಏಕೆ ದುಬಾರಿ ಎಂಬುದನ್ನು ಪಿಕ್ಸೆಲ್ ಲೆಕ್ಕ ಚೆನ್ನಾಗಿ ತೋರಿಸುತ್ತದೆ. ಸೆಕೆಂಡಿಗೆ 30 ಫ್ರೇಮ್‌ಗಳಿದ್ದರೆ 1080ಪಿ ವಿಡಿಯೊದಲ್ಲಿ ಸೆಕೆಂಡಿಗೆ ಸುಮಾರು 6.22 ಕೋಟಿ ಪಿಕ್ಸೆಲ್‌ಗಳನ್ನು ಸಂಸ್ಕರಿಸಬೇಕು, 720ಪಿಗೆ 2.76 ಕೋಟಿ, 480ಪಿಗೆ 1.23 ಕೋಟಿ, 360ಪಿಗೆ 69 ಲಕ್ಷ. ನಾಲ್ಕೂ ಸೇರಿದ ಕೆಲಸದಲ್ಲಿ ಶೇಕಡಾ 57ರಷ್ಟು 1080ಪಿ ಒಂದರದೇ ಆಗುತ್ತದೆ, ಮತ್ತು ಅದು 360ಪಿಗಿಂತ ಸರಿಯಾಗಿ ಒಂಬತ್ತು ಪಟ್ಟು. ಆದರೆ ಬಹುತೇಕ ಕಂಪನಿಗಳು ಪಿಕ್ಸೆಲ್‌ಗೆ ತಕ್ಕಂತೆ ಹಣ ಕೇಳುವುದಿಲ್ಲ. ಎಸ್‌ಡಿ, ಎಚ್‌ಡಿ, ಯುಎಚ್‌ಡಿ ಎಂಬ ಅಗಲವಾದ ಪಟ್ಟಿಗಳನ್ನು ಮಾಡಿ, ಪಟ್ಟಿಯೊಳಗಿನ ಎಲ್ಲಕ್ಕೂ ಒಂದೇ ದರ ಇಡುತ್ತವೆ. 1280×720ರಿಂದ 1920×1080ರವರೆಗೆ ಎಲ್ಲವೂ ಎಚ್‌ಡಿ, ಅದಕ್ಕಿಂತ ಚಿಕ್ಕದೆಲ್ಲ ಎಸ್‌ಡಿ ಎಂಬ ವಿಂಗಡಣೆ ಸಾಮಾನ್ಯ. ಹಾಗಿದ್ದಲ್ಲಿ 720ಪಿ ಮೆಟ್ಟಿಲಿಗೆ 1080ಪಿಯಷ್ಟೇ ಹಣ ತೆರಬೇಕಾಗುತ್ತದೆ, ಅದರ ಜಾಗದಲ್ಲಿ 960×540 ಗಾತ್ರದ ಮೆಟ್ಟಿಲನ್ನು ಇಟ್ಟರೆ ಅದು ಎಸ್‌ಡಿ ದರಕ್ಕೆ ಇಳಿಯುತ್ತದೆ. ಮೊಬೈಲ್ ಪರದೆಯಲ್ಲಿ 540ಪಿಗೂ 720ಪಿಗೂ ಇರುವ ವ್ಯತ್ಯಾಸವನ್ನು ಗುರುತಿಸುವವರು ವಿರಳ. ಪ್ರೇಕ್ಷಕರು ಹೆಚ್ಚಾಗಿ ಮೊಬೈಲ್‌ನಲ್ಲಿ ನೋಡುವವರಾದರೆ 1080, 540, 360 ಎಂಬ ಮೂರೇ ಮೆಟ್ಟಿಲುಗಳು ಸಾಕೆಂಬುದು ನನ್ನ ಅಭಿಪ್ರಾಯ.

ರೆಸಲ್ಯೂಶನ್‌ನಂತೆ ಇನ್ನೂ ಮೂರು ಅಂಶಗಳು ದರವನ್ನು ಏರಿಸುತ್ತವೆ. ಮೊದಲನೆಯದು ಫ್ರೇಮ್‌ರೇಟ್: ಸೆಕೆಂಡಿಗೆ 30ರವರೆಗೆ ಒಂದು ದರ, 30ರಿಂದ 60ರವರೆಗೆ ಅದಕ್ಕಿಂತ ಹೆಚ್ಚಿನ ದರ. ಭಾರತದಲ್ಲಿ ಬಳಕೆಯಲ್ಲಿರುವ 25 ಫ್ರೇಮ್‌ನ ಚಿತ್ರೀಕರಣ ಕೆಳಗಿನ ಪಟ್ಟಿಯಲ್ಲೇ ನಿಲ್ಲುತ್ತದೆ, 50 ಫ್ರೇಮ್ ಮೇಲಿನದಕ್ಕೆ ಜಿಗಿಯುತ್ತದೆ. ವೇಷಧಾರಿ ಧಿಗಿಣ ಹಾಕುವಾಗ 50 ಫ್ರೇಮ್‌ನ ಚಿತ್ರ ನಿಜಕ್ಕೂ ಚೆಂದ ಕಾಣುತ್ತದೆ. ಆ ಚೆಂದ ಬೇಕೆಂದರೂ ಅದನ್ನು ಮೇಲಿನ ಒಂದು ಮೆಟ್ಟಿಲಿಗಷ್ಟೇ ಸೀಮಿತಗೊಳಿಸಬಹುದು. ಎರಡನೆಯದು ಬಿಟ್‌ರೇಟ್: 10 ಎಂಬಿಪಿಎಸ್‌ವರೆಗೆ ಒಂದು ಪಟ್ಟಿ, ಅದರಾಚೆಗೆ ಬೇರೆ ಪಟ್ಟಿಗಳು. ನಮ್ಮ ನಾಲ್ಕೂ ಮೆಟ್ಟಿಲುಗಳು ಮೊದಲ ಪಟ್ಟಿಯೊಳಗೇ ಇವೆ. ಮೂರನೆಯದಾದ ಕೋಡೆಕ್, ಅಂದರೆ ವಿಡಿಯೊವನ್ನು ಸಂಕುಚಿತಗೊಳಿಸುವ ವಿಧಾನ, ಸ್ವಲ್ಪ ದೀರ್ಘವಾಗಿ ಚರ್ಚಿಸಬೇಕಾದ ವಿಷಯ.

ಎಚ್‌ಇವಿಸಿ ಕೋಡೆಕ್‌ನ ಔಟ್‌ಪುಟ್‌ಗೆ ಎವಿಸಿಗಿಂತ, ಅಂದರೆ ಎಚ್.264ಗಿಂತ, ಹೆಚ್ಚಿನ ಗಂಟೆದರವಿರುತ್ತದೆ. ಪ್ರತಿಯಾಗಿ ಅದು ಕಡಿಮೆ ಬಿಟ್‌ರೇಟ್‌ನಲ್ಲಿ ಅಷ್ಟೇ ಗುಣಮಟ್ಟ ಕೊಡುತ್ತದೆ. ಅಂದರೆ ಗಡಿಯಾರದ ಮೀಟರನ್ನು ಏರಿಸಿ ಪ್ರೇಕ್ಷಕರ ಮೀಟರನ್ನು ಇಳಿಸುವ ವ್ಯವಹಾರವಿದು, ಲಾಭವೋ ನಷ್ಟವೋ ಎಂಬುದು ಪ್ರೇಕ್ಷಕರ ಸಂಖ್ಯೆಯ ಮೇಲೆ ನಿಂತಿದೆ. ಎಚ್‌ಇವಿಸಿ ಮೆಟ್ಟಿಲುಗಳಿಂದ ಗಂಟೆಗೆ 1 ಡಾಲರ್ ಹೆಚ್ಚು ಬೀಳುತ್ತದೆ, ಸರಾಸರಿ ಬಿಟ್‌ರೇಟ್ 2ರಿಂದ 1.4 ಎಂಬಿಪಿಎಸ್‌ಗೆ ಇಳಿಯುತ್ತದೆ ಎಂದು ಊಹಿಸಿಕೊಳ್ಳೋಣ. ಆಗ ಒಬ್ಬ ಪ್ರೇಕ್ಷಕನಿಗೆ ಗಂಟೆಗೆ 0.27 ಜಿಬಿ ಉಳಿಯುತ್ತದೆ, ಜಿಬಿಗೆ 0.109 ಡಾಲರ್ ದರದಲ್ಲಿ (ಸೂತ್ರ ಮತ್ತು ಭಾರತದ ಈ ದರ ಹಂತ 5ರಲ್ಲಿ ಬರುತ್ತವೆ) ಅದು ಸುಮಾರು 0.029 ಡಾಲರ್. ಏಕಕಾಲಕ್ಕೆ 34 ಮಂದಿ ನೋಡಿದರೆ ಹೆಚ್ಚುವರಿ ಖರ್ಚು ಸರಿಹೋಗುತ್ತದೆ, ಅದಕ್ಕಿಂತ ಹೆಚ್ಚಿದ್ದರೆ ಉಳಿತಾಯ. ಲೆಕ್ಕ ಇಷ್ಟು ಸುಲಭವಾದರೂ ಎಲ್ಲ ಫೋನು, ಬ್ರೌಸರುಗಳಲ್ಲಿ ಎಚ್‌ಇವಿಸಿ ಓಡುವುದಿಲ್ಲವಾದ್ದರಿಂದ ಎವಿಸಿ ಏಣಿಯನ್ನೂ ಜೊತೆಗೆ ಉಳಿಸಿಕೊಳ್ಳಬೇಕಾಗುತ್ತದೆ, ಮತ್ತು ಉಳಿತಾಯವು ಎಚ್‌ಇವಿಸಿ ನೋಡಬಲ್ಲ ಪ್ರೇಕ್ಷಕರಿಂದ ಮಾತ್ರ ಬರುತ್ತದೆ. ನೂರಿನ್ನೂರು ಪ್ರೇಕ್ಷಕರ ಒಂದು ದಿನದ ಕಾರ್ಯಕ್ರಮಕ್ಕೆ ಈ ಗೋಜು ಬೇಡ.

ಹಂತ 3: ಗಡಿಯಾರದ ಗಂಟೆಗಳನ್ನು ಎಣಿಸುವುದು

ಕಾರ್ಯಕ್ರಮ ಐದು ಗಂಟೆಯದಾದರೂ ಚಾನೆಲ್ (ಮೀಡಿಯಾಲೈವ್‌ನಲ್ಲಿ ಟ್ರಾನ್ಸ್‌ಕೋಡಿಂಗ್ ನಡೆಸುವ ಘಟಕ) ಐದು ಗಂಟೆ ಮಾತ್ರ ಓಡುವುದಿಲ್ಲ. ಸಂಜೆ 6ಕ್ಕೆ ಆರಂಭವಾಗುವ ಪ್ರಸಂಗಕ್ಕೆ 4 ಗಂಟೆಗೇ ಚಾನೆಲ್ ಚಾಲೂ ಮಾಡಿ ಚಿತ್ರ, ಧ್ವನಿ ಪರೀಕ್ಷಿಸಬೇಕು. ರಾತ್ರಿ 11ಕ್ಕೆ ಮುಗಿದರೆ ಒಟ್ಟು 7 ಗಂಟೆ. ನಿಂತ ಆಟೋದಲ್ಲೂ ಮೀಟರು ಓಡುವ ಹಾಗೆ, ಒಳಗೆ ಸಿಗ್ನಲ್ ಬರಲಿ ಬಿಡಲಿ, ಒಬ್ಬರೂ ನೋಡದಿರಲಿ, ಚಾಲೂ ಇರುವ ಚಾನೆಲ್‌ಗೆ ಪೂರ್ಣ ಶುಲ್ಕ ಬೀಳುತ್ತದೆ.

ಈಗ ಪ್ರಮಾಣಗಳು ಸಿಕ್ಕವು. ಇನ್‌ಪುಟ್: ಎಚ್‌ಡಿ, 7 ಗಂಟೆ. ಔಟ್‌ಪುಟ್: ನಾಲ್ಕು ಮೆಟ್ಟಿಲು, ತಲಾ 7 ಗಂಟೆ, ಒಟ್ಟು 28 ಔಟ್‌ಪುಟ್-ಗಂಟೆ, ಅದರಲ್ಲಿ 14 ಎಚ್‌ಡಿ, 14 ಎಸ್‌ಡಿ. ಮೇಲೆ ಹೇಳಿದ ಮೂರು ಮೆಟ್ಟಿಲಿನ ಏಣಿಯಾದರೆ 21 ಔಟ್‌ಪುಟ್-ಗಂಟೆ, ಅದರಲ್ಲಿ ಎಚ್‌ಡಿ ಕೇವಲ 7. ದರ ಎಷ್ಟೇ ಇರಲಿ, ಎಚ್‌ಡಿ ಔಟ್‌ಪುಟ್‌ನ ಖರ್ಚು ಅರ್ಧವಾಯಿತು ಎಂಬುದು ದರಪಟ್ಟಿ ತೆರೆಯುವ ಮೊದಲೇ ತಿಳಿಯಿತು.

ಹಂತ 4: ಚಾನೆಲ್‌ನ ಆಯ್ಕೆಗಳನ್ನು ದರಪಟ್ಟಿಗೆ ಹೊಂದಿಸುವುದು

ಮೀಡಿಯಾಲೈವ್‌ನಲ್ಲಿ ಚಾನೆಲ್ ರಚಿಸುವಾಗ ಕೇಳುವ ಕೆಲವು ಪ್ರಶ್ನೆಗಳು ತಾಂತ್ರಿಕವಾಗಿ ಕಂಡರೂ ವಾಸ್ತವದಲ್ಲಿ ಹಣದ ಪ್ರಶ್ನೆಗಳು. ಇನ್‌ಪುಟ್‌ನ ನಿರ್ದಿಷ್ಟತೆಯಲ್ಲಿ ಕೋಡೆಕ್, ರೆಸಲ್ಯೂಶನ್ ಮತ್ತು ಗರಿಷ್ಠ ಬಿಟ್‌ರೇಟನ್ನು ಆರಿಸಬೇಕು. ಬಿಟ್‌ರೇಟ್‌ಗೆ 10, 20, 50 ಎಂಬಿಪಿಎಸ್ ಎಂಬ ಮೂರು ಮಿತಿಗಳಿವೆ. ಇನ್‌ಪುಟ್ ಶುಲ್ಕ ನಿರ್ಧಾರವಾಗುವುದು ಈ ಆಯ್ಕೆಯಿಂದ. ಸ್ಥಳದಿಂದ 6 ಎಂಬಿಪಿಎಸ್ ಕಳಿಸುವವರು 20 ಅಥವಾ 50ರ ಮಿತಿಯನ್ನು ಆರಿಸಿಕೊಂಡರೆ ಬಳಸದ ಸಾಮರ್ಥ್ಯಕ್ಕೆ ಹಣ ಕಟ್ಟುತ್ತಾರೆ. 10ರ ಮಿತಿ ಆರಿಸಿದ ಮೇಲೆ ಎನ್‌ಕೋಡರ್ ಅದನ್ನು ಮೀರದಂತೆ ನೋಡಿಕೊಳ್ಳುವುದು ತಂತ್ರಜ್ಞರ ಹೊಣೆ.

ಎರಡನೆಯ ಪ್ರಶ್ನೆ ಚಾನೆಲ್‌ನ ವರ್ಗ. ಸ್ಟ್ಯಾಂಡರ್ಡ್ ವರ್ಗದಲ್ಲಿ ಅದೇ ಕೆಲಸವನ್ನು ಎರಡು ಪೈಪ್‌ಲೈನ್‌ಗಳು ಸಮಾನಾಂತರವಾಗಿ ಮಾಡುತ್ತವೆ, ಒಂದು ಕೆಟ್ಟರೆ ಇನ್ನೊಂದು ಮುಂದುವರಿಯುತ್ತದೆ. ಸಿಂಗಲ್ ಪೈಪ್‌ಲೈನ್ ವರ್ಗ ಅಗ್ಗ, ಆದರೆ ಆ ರಕ್ಷಣೆ ಇಲ್ಲ. ಟಿಕೆಟ್ ಕೊಂಡವರಿರುವ ಪ್ರಸಾರಕ್ಕೆ ಸ್ಟ್ಯಾಂಡರ್ಡ್ ವರ್ಗವೇ ಯೋಗ್ಯವೆಂದು ಕಣ್ಣುಮುಚ್ಚಿ ಹೇಳುವವರಿದ್ದಾರೆ; ಆದರೆ ಸ್ಥಳದಿಂದ ಹೊರಡುವ ಇಂಟರ್ನೆಟ್ ಸಂಪರ್ಕವೇ ಒಂದಾಗಿದ್ದು, ಅದಕ್ಕೆ ಬದಲಿ ಇಲ್ಲದಿದ್ದರೆ, ಕ್ಲೌಡ್‌ನಲ್ಲಿ ಎರಡು ಪೈಪ್‌ಲೈನ್ ಇಟ್ಟು ಸಾಧಿಸುವುದು ಅಲ್ಪ. ಬಯಲಿನಲ್ಲಿ ನಡೆಯುವ ಆಟಗಳಲ್ಲಿ ಮೊದಲು ಕೈಕೊಡುವುದು ಸಾಮಾನ್ಯವಾಗಿ ಆ ಸಂಪರ್ಕವೇ ಆಗಿರುವುದರಿಂದ, ಉಳಿಸಿದ ಹಣವನ್ನು ಎರಡನೆಯ ಸಂಪರ್ಕಕ್ಕೆ ಹಾಕುವುದು ಮೇಲು. ಇದಲ್ಲದೆ, ಎರಡು ಪೈಪ್‌ಲೈನ್ ಎಂದರೆ ಪ್ಯಾಕೇಜಿಂಗ್ ಸೇವೆಗೆ ಎರಡು ಪ್ರತಿಗಳು ಹೋಗುತ್ತವೆ. ನಮ್ಮ ಏಣಿಯ ಒಟ್ಟು ಬಿಟ್‌ರೇಟ್ 9.8 ಎಂಬಿಪಿಎಸ್, ಅಂದರೆ ಗಂಟೆಗೆ 4.41 ಜಿಬಿ, 7 ಗಂಟೆಗೆ ಸುಮಾರು 31 ಜಿಬಿ. ಅಂದಾಜು ಮಾಡುವಾಗ ಎರಡೂ ಪ್ರತಿಗಳನ್ನು ಹಿಡಿದು 62 ಜಿಬಿ ಎಂದು ಬರೆದುಕೊಳ್ಳುವುದು ಸುರಕ್ಷಿತ.

ಒಂದೇ ಎನ್‌ಕೋಡ್ ಎರಡು ಕಡೆ ಬೇಕಾದಾಗ, ಉದಾಹರಣೆಗೆ 1080ಪಿ ಧಾರೆಯನ್ನು ಪ್ರಸಾರಕ್ಕೂ ರೆಕಾರ್ಡಿಂಗ್‌ಗೂ ಬಳಸುವಾಗ, ಅದನ್ನು ಎರಡು ಬಾರಿ ಬೇರೆಬೇರೆಯಾಗಿ ರಚಿಸದೆ ಹಂಚಿಕೊಳ್ಳುವ ವ್ಯವಸ್ಥೆಯನ್ನು ಬಳಸಿದರೆ ಔಟ್‌ಪುಟ್ ಶುಲ್ಕ ಕಡಿಮೆಯಾಗುತ್ತದೆ. ವರ್ಷವಿಡೀ ದಿನದ 24 ಗಂಟೆ ಓಡುವ ಚಾನೆಲ್‌ಗಳಿಗೆ 12 ತಿಂಗಳ ಕಾಯ್ದಿರಿಸುವಿಕೆಯ ರಿಯಾಯಿತಿ ದರವೂ ಇದೆ, ಆದರೆ ಬಳಸಿದರೂ ಬಳಸದಿದ್ದರೂ ತಿಂಗಳ ಹಣ ಕಟ್ಟಲೇಬೇಕು. ವಾರಕ್ಕೊಂದು ಆಟ ತೋರಿಸುವವರು ತಿಂಗಳ 730 ಗಂಟೆಗಳಲ್ಲಿ ಸುಮಾರು ಮೂವತ್ತನ್ನಷ್ಟೇ ಬಳಸುವುದರಿಂದ ಅವರಿಗೆ ಅದು ಹೇಳಿದ್ದಲ್ಲ.

ಹಂತ 5: ಪ್ರೇಕ್ಷಕರ ಮೀಟರನ್ನು ಎಣಿಸುವುದು

ಇಲ್ಲಿ ಬೇಕಾದ ಸೂತ್ರ ಒಂದೇ: 1 ಎಂಬಿಪಿಎಸ್ ಧಾರೆಯನ್ನು ಒಂದು ಗಂಟೆ ನೋಡಿದರೆ 0.45 ಜಿಬಿ. ಪ್ರೇಕ್ಷಕರ ಸಂಖ್ಯೆ, ಸರಾಸರಿ ನೋಡುವ ಗಂಟೆ, ಸರಾಸರಿ ಬಿಟ್‌ರೇಟ್ ಮತ್ತು 0.45 ಇವುಗಳನ್ನು ಗುಣಿಸಿದರೆ ವಿತರಣೆಯ ಗಿಗಾಬೈಟ್ ಸಿಗುತ್ತದೆ. ಸರಾಸರಿ ಬಿಟ್‌ರೇಟ್ ಎಂದರೆ ಏಣಿಯ ತುದಿಯ 5 ಎಂಬಿಪಿಎಸ್ ಅಲ್ಲ. ಪ್ರೇಕ್ಷಕರು ಬೇರೆಬೇರೆ ಮೆಟ್ಟಿಲುಗಳಲ್ಲಿ ಹಂಚಿಹೋಗಿರುತ್ತಾರೆ. 800 ಪ್ರೇಕ್ಷಕರು, ತಲಾ ಎರಡೂವರೆ ಗಂಟೆ, ಸರಾಸರಿ 2 ಎಂಬಿಪಿಎಸ್ ಎಂದು ಹಿಡಿದರೆ 1,800 ಜಿಬಿ.

ಕ್ಲೌಡ್‌ಫ್ರಂಟ್‌ನ ಬಳಸಿದಷ್ಟಕ್ಕೆ ಪಾವತಿಸುವ ದರಪಟ್ಟಿಯಲ್ಲಿ ಮೊದಲ 10 ಟಿಬಿಯ ಹಂತಕ್ಕೆ ಅಮೆರಿಕ, ಯುರೋಪಿನ ಪ್ರೇಕ್ಷಕರಿಗೆ ಜಿಬಿಗೆ 0.085 ಡಾಲರ್, ಭಾರತದ ಪ್ರೇಕ್ಷಕರಿಗೆ 0.109 ಡಾಲರ್ ಎಂಬ ದರಗಳು ಬಹುಕಾಲದಿಂದ ಇವೆ. ಲೆಕ್ಕ ಹಾಕುವ ದಿನ ಅವನ್ನು ಮತ್ತೊಮ್ಮೆ ನೋಡಿಕೊಳ್ಳಬೇಕು. ನ್ಯೂಜೆರ್ಸಿಯ ಕನ್ನಡಿಗ ನೋಡುವ ಅದೇ ಆಟ ಮುಂಬೈನವರು ನೋಡುವುದಕ್ಕಿಂತ ಅಗ್ಗ ಎಂಬುದು ವಿಚಿತ್ರವಾದರೂ ನಿಜ. ತಿಂಗಳಿಗೆ 1 ಟಿಬಿ ಉಚಿತ ಮಿತಿಯೂ ಇದೆ, ಆದರೆ ಅದು ಖಾತೆಯ ಎಲ್ಲ ಬಳಕೆಗೂ ಸೇರಿದ ಮಿತಿ. ಅದನ್ನು ಸುಮಾರು 1,000 ಜಿಬಿ ಎಂದು ಕಳೆದರೆ ಉಳಿಯುವ 800 ಜಿಬಿಗೆ, ಎಲ್ಲರೂ ಭಾರತದಲ್ಲಿದ್ದಾರೆಂದು ಹಿಡಿದರೆ, 87.20 ಡಾಲರ್. ತಿಂಗಳ ಎರಡನೆಯ ಆಟಕ್ಕೆ ಉಚಿತ ಮಿತಿ ಮುಗಿದಿರುತ್ತದೆ, ಆಗ ಅದೇ ಪ್ರಸಾರಕ್ಕೆ 196.20 ಡಾಲರ್.

ಈ ಮೊತ್ತವನ್ನು ಇಳಿಸುವ ಸುಲಭ ಉಪಾಯವೆಂದರೆ ಗುಣಮಟ್ಟ ಆಧಾರಿತ ಬಿಟ್‌ರೇಟ್ ನಿಯಂತ್ರಣ. ಮೀಡಿಯಾಲೈವ್‌ನಲ್ಲಿ ಇದರ ಹೆಸರು ಕ್ಯುವಿಬಿಆರ್. ಭಾಗವತರು ಕುಳಿತು ಹಾಡುವ ಸ್ಥಿರ ದೃಶ್ಯಕ್ಕೆ ಕಡಿಮೆ ಬಿಟ್, ಯುದ್ಧದ ಕುಣಿತಕ್ಕೆ ಹೆಚ್ಚು ಬಿಟ್ ಎಂದು ಅದು ತಾನೇ ಹಂಚುತ್ತದೆ.

ಹಂತ 6: ನಿಮಿಷದ ಲೆಕ್ಕದ ಸೇವೆಯೊಂದಿಗೆ ಹೋಲಿಸುವುದು

ಕ್ಲೌಡ್‌ಫ್ಲೇರ್ ಸ್ಟ್ರೀಮ್‌ನಲ್ಲಿ ತಲುಪಿಸಿದ 1,000 ನಿಮಿಷಕ್ಕೆ 1 ಡಾಲರ್, ಸಂಗ್ರಹಿಸಿದ 1,000 ನಿಮಿಷಕ್ಕೆ ತಿಂಗಳಿಗೆ 5 ಡಾಲರ್. ಸಂಗ್ರಹದ ಹಣವನ್ನು ಮುಂಗಡವಾಗಿ ಕಟ್ಟಬೇಕು. 800 ಮಂದಿ ತಲಾ 150 ನಿಮಿಷ ನೋಡಿದರೆ 1,20,000 ನಿಮಿಷ, ಅಂದರೆ 120 ಡಾಲರ್. 7 ಗಂಟೆಯ ರೆಕಾರ್ಡಿಂಗ್ 420 ನಿಮಿಷವಾದ್ದರಿಂದ 5 ಡಾಲರಿನ ಒಂದು ಘಟಕ ಸಾಕು. ಟ್ರಾನ್ಸ್‌ಕೋಡಿಂಗ್ ಇದರೊಳಗೇ ಸೇರಿದೆ.

ಎರಡರ ನಡುವಿನ ಆಯ್ಕೆ ಬಿಟ್‌ರೇಟ್‌ನ ಮೇಲೆ ನಿಂತಿದೆ. ನಿಮಿಷದ ಮೀಟರಿಗೆ ಪ್ರೇಕ್ಷಕ 360ಪಿ ನೋಡಿದನೋ 1080ಪಿ ನೋಡಿದನೋ ಎಂಬ ಭೇದವಿಲ್ಲ. ಒಬ್ಬ ಪ್ರೇಕ್ಷಕನ ಒಂದು ಗಂಟೆಗೆ 0.06 ಡಾಲರ್, ಅಷ್ಟೆ. ಗಿಗಾಬೈಟಿನ ಮೀಟರಿನಲ್ಲಿ ಭಾರತದ ದರದಂತೆ ಪ್ರತಿ ಎಂಬಿಪಿಎಸ್‌ಗೆ ಗಂಟೆಗೆ ಸುಮಾರು 0.049 ಡಾಲರ್ ಬೀಳುತ್ತದೆ. ಉಚಿತ ಮಿತಿಯನ್ನು ಬದಿಗಿಟ್ಟರೆ ಎರಡೂ ಸಮವಾಗುವುದು ಸರಾಸರಿ 1.22 ಎಂಬಿಪಿಎಸ್‌ನಲ್ಲಿ. ಅದಕ್ಕಿಂತ ಕೆಳಗೆ ಗಿಗಾಬೈಟ್ ಅಗ್ಗ, ಮೇಲೆ ನಿಮಿಷ ಅಗ್ಗ. ಮಾತೇ ಮುಖ್ಯವಾದ ತಾಳಮದ್ದಳೆಯನ್ನು ಕಡಿಮೆ ಬಿಟ್‌ರೇಟ್‌ನಲ್ಲಿ ಕಳಿಸುವವರಿಗೂ, ಪೂರ್ಣ ವೇಷಭೂಷಣದ ಆಟವನ್ನು ದೊಡ್ಡ ಟಿವಿ ಪರದೆಗೆ ಕಳಿಸುವವರಿಗೂ ಹೀಗೆ ಬೇರೆಬೇರೆ ಉತ್ತರ ಸಿಗಬಹುದು. ಏಣಿಯ ಮೇಲೆ, ಎನ್‌ಕೋಡಿಂಗ್‌ನ ಸೂಕ್ಷ್ಮಗಳ ಮೇಲೆ ಹಿಡಿತ ಬೇಕೆಂದರೆ ನಿಮಿಷದ ಸೇವೆಗಳು ಅಷ್ಟಾಗಿ ಒದಗುವುದಿಲ್ಲ ಎಂಬುದನ್ನೂ ತೂಗಬೇಕು.

ಸ್ವಂತ ಸರ್ವರ್ ಬಾಡಿಗೆಗೆ ಪಡೆದು ಎಫ್ಎಫ್ಎಂಪೆಗ್ ಎಂಬ ಉಚಿತ ಟ್ರಾನ್ಸ್‌ಕೋಡಿಂಗ್ ತಂತ್ರಾಂಶ ಓಡಿಸುವ ದಾರಿಯೂ ಇದೆ. ಗಂಟೆದರ ಕಡಿಮೆ, ಆದರೆ ರಾತ್ರಿ ಹತ್ತಕ್ಕೆ ಅದು ನಿಂತರೆ ಎಬ್ಬಿಸುವವರು ಯಾರು ಎಂಬ ಪ್ರಶ್ನೆಗೆ ಉತ್ತರವಿರುವವರು ಮಾತ್ರ ಆರಿಸಿಕೊಳ್ಳಲಿ.

ಹಂತ 7: ಚಾನೆಲ್ ನಿಲ್ಲಿಸುವುದನ್ನು ನೆನಪಿಗೆ ಬಿಡದಿರುವುದು

ಶನಿವಾರ ರಾತ್ರಿ 11ಕ್ಕೆ ಮಂಗಳ ಹಾಡಿದ ಮೇಲೆ ಚಾನೆಲ್ ನಿಲ್ಲಿಸದೆ ಎಲ್ಲರೂ ಮನೆಗೆ ಹೋಗಿ, ಸೋಮವಾರ ಬೆಳಿಗ್ಗೆ 10ಕ್ಕೆ ನೆನಪಾಯಿತೆಂದುಕೊಳ್ಳೋಣ. ಆ 35 ಗಂಟೆಗಳಲ್ಲಿ ನಾಲ್ಕು ಮೆಟ್ಟಿಲುಗಳಿಗೆ 140 ಔಟ್‌ಪುಟ್-ಗಂಟೆ ಸೇರುತ್ತದೆ, ಕಾರ್ಯಕ್ರಮಕ್ಕೆ ಬಳಸಿದ್ದರ ಐದು ಪಟ್ಟು. ಬಜೆಟ್ ಎಚ್ಚರಿಕೆ ಇಟ್ಟಿದ್ದೇವೆಂಬ ಧೈರ್ಯ ಇಲ್ಲಿ ನಡೆಯದು, ಏಕೆಂದರೆ ವೆಚ್ಚದ ಮಾಹಿತಿ ಹಲವು ಗಂಟೆ ತಡವಾಗಿ ನವೀಕರಣಗೊಳ್ಳುತ್ತದೆ, ಎಚ್ಚರಿಕೆಯ ಮೇಲ್ ಬರುವ ಹೊತ್ತಿಗೆ ಹಣ ಹೋಗಿರುತ್ತದೆ. ನಿಗದಿತ ಸಮಯಕ್ಕೆ ಆದೇಶ ಓಡಿಸುವ ಅಮೆಜಾನ್‌ನ ಈವೆಂಟ್‌ಬ್ರಿಡ್ಜ್ ಶೆಡ್ಯೂಲರ್‌ನಲ್ಲಿ ಚಾನೆಲ್ ನಿಲ್ಲಿಸುವ ಆದೇಶವನ್ನು ಕಾರ್ಯಕ್ರಮದ ಅಂದಾಜು ಮುಕ್ತಾಯಕ್ಕಿಂತ ಎರಡು ಗಂಟೆ ತಡವಾಗಿ, ಮೊದಲೇ ಇಟ್ಟುಬಿಡಬೇಕು. ಪ್ರಸಂಗ ಲಂಬಿಸಿದರೆ ಆ ಸಮಯವನ್ನು ಮುಂದೂಡುವ ಹೊಣೆ ಒಬ್ಬರಿಗೆ ವಹಿಸಿರಬೇಕು.

ನಿಲ್ಲಿಸಿದ ಚಾನೆಲ್ ಕೂಡ ಸಂಪೂರ್ಣ ಉಚಿತವಲ್ಲ. ಅಳಿಸದೆ ಉಳಿಸಿದ ಚಾನೆಲ್‌ಗೂ, ಹೊರಗಿನಿಂದ ತಳ್ಳುವ ಬಗೆಯ ಇನ್‌ಪುಟ್‌ಗೂ ಗಂಟೆಗೆ ಅತ್ಯಲ್ಪ ಶುಲ್ಕವಿದೆ. ಒಂದೆರಡಕ್ಕೆ ಅದು ಲೆಕ್ಕಕ್ಕಿಲ್ಲ. ಪ್ರತಿ ಆಟಕ್ಕೂ ಹೊಸ ಚಾನೆಲ್ ರಚಿಸಿ ಹಳೆಯದನ್ನು ಹಾಗೇ ಬಿಡುವವರಿಗೆ ಗೋಚರಿಸತೊಡಗುತ್ತದೆ.

ಹಂತ 8: ತೆರಿಗೆ, ಮತ್ತು ಬಿಲ್ಲನ್ನು ಕಾಗದದೊಂದಿಗೆ ತಾಳೆ ನೋಡುವುದು

ಭಾರತದಲ್ಲಿ ಕ್ಲೌಡ್ ಸೇವೆಗಳಿಗೆ ಶೇಕಡಾ 18 ಜಿಎಸ್‌ಟಿ ಇದೆ, ಮೇಲಿನ 87.20 ಡಾಲರ್ 102.90 ಆಗುತ್ತದೆ. ಜಿಎಸ್‌ಟಿ ನೋಂದಣಿ ಇರುವ ಸಂಸ್ಥೆ ತನ್ನ ಸಂಖ್ಯೆಯನ್ನು ಖಾತೆಯಲ್ಲಿ ದಾಖಲಿಸಿದ್ದರೆ, ನಿಯಮಗಳಿಗೆ ಒಳಪಟ್ಟು, ಹೂಡುವಳಿ ತೆರಿಗೆ ಜಮೆ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಪಡೆಯಬಹುದು. ನೋಂದಣಿ ಇಲ್ಲದ ಸಂಘ, ಟ್ರಸ್ಟುಗಳು ಆ 18ನ್ನು ನೇರ ಖರ್ಚೆಂದೇ ಟಿಕೆಟ್ ದರದಲ್ಲಿ ಸೇರಿಸಬೇಕು. ವಿದೇಶಿ ಕಂಪನಿಗೆ ಕಾರ್ಡಿನಿಂದ ಡಾಲರ್‌ನಲ್ಲಿ ಪಾವತಿಸಿದರೆ ಬ್ಯಾಂಕಿನ ವಿನಿಮಯ ಶುಲ್ಕ ಬೇರೆ.

ಚಾನೆಲ್, ಪ್ಯಾಕೇಜಿಂಗ್, ವಿತರಣೆ ಈ ಮೂರಕ್ಕೂ ಕಾರ್ಯಕ್ರಮದ ಹೆಸರಿನ ಒಂದೇ ಟ್ಯಾಗ್ ಹಾಕಿ, ಅದನ್ನು ಬಿಲ್ಲಿಂಗ್ ಪುಟದಲ್ಲಿ ಸಕ್ರಿಯಗೊಳಿಸಿದ್ದರೆ, ಎರಡು ದಿನಗಳ ನಂತರ ಕಾಸ್ಟ್ ಎಕ್ಸ್‌ಪ್ಲೋರರ್‌ನಲ್ಲಿ ಆ ಆಟದ ಖರ್ಚು ಪ್ರತ್ಯೇಕವಾಗಿ ಸಿಗುತ್ತದೆ. ಅಲ್ಲಿ ಮೊದಲು ನೋಡಬೇಕಾದದ್ದು ಡಾಲರನ್ನಲ್ಲ, ಬಳಕೆಯ ಪ್ರಮಾಣವನ್ನು. ಔಟ್‌ಪುಟ್-ಗಂಟೆ 28ರ ಬದಲು 34 ಇದ್ದರೆ ಯಾವುದೋ ಚಾನೆಲ್ ಒಂದೂವರೆ ಗಂಟೆ ಹೆಚ್ಚು ಓಡಿದೆ. ಎಚ್‌ಡಿ 14ರ ಬದಲು 21 ಇದ್ದರೆ ರೆಕಾರ್ಡಿಂಗ್‌ಗೆ ಎನ್‌ಕೋಡ್ ಹಂಚಿಕೊಳ್ಳದೆ ಹೊಸದನ್ನೇ ರಚಿಸಲಾಗಿದೆ. ಗಿಗಾಬೈಟ್ ಮಾತ್ರ ಏರಿದ್ದರೆ ಪ್ರೇಕ್ಷಕರು ಹೆಚ್ಚು ಬಂದಿದ್ದಾರೆ, ಅಥವಾ ಅಂದುಕೊಂಡದ್ದಕ್ಕಿಂತ ಮೇಲಿನ ಮೆಟ್ಟಿಲಿನಲ್ಲಿ ನೋಡಿದ್ದಾರೆ. ಒಟ್ಟು ಗಿಗಾಬೈಟನ್ನು ಪ್ರೇಕ್ಷಕರು ನೋಡಿದ ಒಟ್ಟು ಗಂಟೆಯಿಂದ ಭಾಗಿಸಿ 0.45ರಿಂದ ಮತ್ತೆ ಭಾಗಿಸಿದರೆ ನಿಜವಾದ ಸರಾಸರಿ ಬಿಟ್‌ರೇಟ್ ತಿಳಿಯುತ್ತದೆ. ಮುಂದಿನ ಆಟದ ಅಂದಾಜಿನಲ್ಲಿ 2 ಎಂಬಿಪಿಎಸ್ ಎಂಬ ಊಹೆಯ ಜಾಗದಲ್ಲಿ ಆ ಸಂಖ್ಯೆಯನ್ನೇ ಬರೆಯಬೇಕು, ಮತ್ತು ನಿಮಿಷದ ಸೇವೆಯೋ ಗಿಗಾಬೈಟಿನ ಸೇವೆಯೋ ಎಂಬ ಆರನೆಯ ಹಂತದ ಹೋಲಿಕೆಯನ್ನು ಅದರಿಂದಲೇ ಮತ್ತೊಮ್ಮೆ ಮಾಡಬೇಕು.